ಪ್ಲಾಸ್ಟಿಕ್ ಕಸವಾಗುವ ಮೊದಲೇ ಶುರುವಾಗುವ ಕೇಡು

ಪ್ರತಿ ವಾರ ನಾವು ಒಂದು ಕ್ರೆಡಿಟ್ ಕಾರ್ಡಿನಷ್ಟು ಪ್ಲಾಸ್ಟಿಕ್ ತಿನ್ನುತ್ತಿದ್ದೇವೆ ಎಂಬ ಮಾತನ್ನು ಕೇಳದವರು ಕಡಿಮೆ. 2019ರಲ್ಲಿ ಆಸ್ಟ್ರೇಲಿಯಾದ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಸಂಶೋಧಕರು ಡಬ್ಲ್ಯುಡಬ್ಲ್ಯುಎಫ್ ಎಂಬ ವನ್ಯಜೀವಿ ಸಂರಕ್ಷಣಾ ಸಂಸ್ಥೆಗಾಗಿ ಮಾಡಿಕೊಟ್ಟ ಅಂದಾಜಿನಿಂದ ಹುಟ್ಟಿದ ಮಾತು ಅದು. ಅವರ ಲೆಕ್ಕದಲ್ಲಿ ವಾರಕ್ಕೆ 0.1 ಗ್ರಾಂನಿಂದ 5 ಗ್ರಾಂವರೆಗೆ ಎಂದಿತ್ತು. ಸುದ್ದಿಯಾದದ್ದು ಮೇಲಿನ ತುದಿಯ 5 ಗ್ರಾಂ ಮಾತ್ರ. ಎರಡು ವರ್ಷಗಳ ನಂತರ ನೆದರ್ಲೆಂಡ್ಸ್‌ನ ವಾಗೆನಿಂಗೆನ್ ವಿಶ್ವವಿದ್ಯಾಲಯದ ತಂಡವೊಂದು ಆಹಾರ, ನೀರು, ಗಾಳಿಯಲ್ಲಿ ಅಳೆದು ಸಿಕ್ಕ ಕಣಗಳನ್ನು ಹಿಡಿದು ಹೊಸದಾಗಿ ಲೆಕ್ಕ ಹಾಕಿತು. ಉತ್ತರ ಬಂದದ್ದು ವಾರಕ್ಕೆ ಕೆಲವೇ ಮೈಕ್ರೋಗ್ರಾಂ. ಎಂದರೆ, ಆ ಪ್ರಸಿದ್ಧ ಕಾರ್ಡಿಗಿಂತ ಸುಮಾರು ಹತ್ತು ಲಕ್ಷ ಪಟ್ಟು ಕಡಿಮೆ. ಎಲ್ಲ ಬಗೆಯ ಆಹಾರವೂ ಈ ಲೆಕ್ಕದಲ್ಲಿ ಸೇರಿಲ್ಲ, ತೀರಾ ಸಣ್ಣ ಕಣಗಳೂ ಸೇರಿಲ್ಲ ಎಂಬುದು ನಿಜ. ಅವನ್ನೆಲ್ಲ ಸೇರಿಸಿದರೂ 5 ಗ್ರಾಂ ಮುಟ್ಟುವುದು ಕಷ್ಟ.

ಹಾಗಾದರೆ ಪ್ಲಾಸ್ಟಿಕ್ ಬಗೆಗಿನ ಆತಂಕವೆಲ್ಲ ಬರೀ ಹುಯಿಲೇ? ಖಂಡಿತ ಅಲ್ಲ. ಪ್ಲಾಸ್ಟಿಕ್ ವಿರುದ್ಧ ಗಟ್ಟಿಯಾದ ಪುರಾವೆ ಬೇಕಾದಷ್ಟಿದೆ, ಕೆಲವು ಐವತ್ತು ವರ್ಷ ಹಳೆಯವು. ಅವು ಇರುವ ಕಡೆ ನಾವು ನೋಡುತ್ತಿಲ್ಲ, ಅಷ್ಟೆ. ನಮ್ಮ ಕಣ್ಣೆಲ್ಲ ದಡಕ್ಕೆ ಬಂದು ಬಿದ್ದ ಬಾಟಲಿಯ ಮೇಲೆ, ಇಲ್ಲವೆ ಮಿದುಳಿನಲ್ಲಿ ಸಿಕ್ಕಿತೆನ್ನುವ ಕಣದ ಮೇಲೆ. ಪ್ಲಾಸ್ಟಿಕ್ಕಿಗೆ ಏನೇನು ಬೆರೆಸುತ್ತಾರೆ, ಅದನ್ನು ಎಷ್ಟು ತಯಾರಿಸುತ್ತಾರೆ ಎಂಬ ಎರಡು ಪ್ರಶ್ನೆಗಳು ಹಿಂದೆ ಸರಿದಿವೆ. ಇಡೀ ಸಮಸ್ಯೆಯ ಬುಡ ಇರುವುದು ಆ ಎರಡರಲ್ಲೇ.

ಮೊದಲು ಪ್ರಮಾಣದ ವಿಷಯ. 1950ರಲ್ಲಿ ಇಡೀ ಜಗತ್ತು ತಯಾರಿಸಿದ ಪ್ಲಾಸ್ಟಿಕ್ ಸುಮಾರು 20 ಲಕ್ಷ ಟನ್. 2019ರಲ್ಲಿ ಬಳಸಿದ್ದು 46 ಕೋಟಿ ಟನ್ ಎನ್ನುತ್ತದೆ ಬಹುಪಾಲು ಶ್ರೀಮಂತ ದೇಶಗಳ ಆರ್ಥಿಕ ಸಂಘಟನೆಯಾದ ಒಇಸಿಡಿ. ಪ್ಲಾಸ್ಟಿಕ್ ಹುಟ್ಟಿದಾಗಿನಿಂದ 2015ರವರೆಗಿನ ಒಟ್ಟು ಲೆಕ್ಕವನ್ನು ರೋಲಂಡ್ ಗೇಯರ್ ಮತ್ತು ಸಂಗಡಿಗರು 2017ರಲ್ಲಿ ಮುಂದಿಟ್ಟರು. ತಯಾರಾದದ್ದು 830 ಕೋಟಿ ಟನ್, ಅದರಲ್ಲಿ ಅರ್ಧದಷ್ಟು ಕೊನೆಯ 13 ವರ್ಷಗಳಲ್ಲೇ. ಆಗಲೇ ಕಸವಾಗಿದ್ದು 630 ಕೋಟಿ ಟನ್. ಆ ಕಸದಲ್ಲಿ ಮರುಬಳಕೆಗೆ ಹೋದದ್ದು ಶೇ 9, ಸುಟ್ಟದ್ದು ಶೇ 12. ಉಳಿದ ಶೇ 79ರಷ್ಟು ಕಸದ ಗುಂಡಿಗಳಲ್ಲಿ, ಮಣ್ಣಿನಲ್ಲಿ, ನೀರಿನಲ್ಲಿ ಹಾಗೇ ಬಿದ್ದಿದೆ. ಹೊಸ ನೀತಿಗಳು ಬಾರದಿದ್ದರೆ 2060ರ ಹೊತ್ತಿಗೆ ವರ್ಷದ ಬಳಕೆ 2019ರದರ ಸುಮಾರು ಮೂರು ಪಟ್ಟಾಗಲಿದೆ ಎಂಬುದು ಒಇಸಿಡಿಯ ಮುನ್ನೋಟ.

ಬಿದ್ದದ್ದು ಯಾಕೆ ಹಾಗೇ ಉಳಿಯುತ್ತದೆ? ಪಾಲಿಎಥಿಲೀನ್, ಪಾಲಿಪ್ರೊಪಿಲೀನ್‌ನಂಥ ಸಾಮಾನ್ಯ ಪ್ಲಾಸ್ಟಿಕ್ಕುಗಳ ಬೆನ್ನೆಲುಬು ಇಂಗಾಲದ ಉದ್ದುದ್ದ ಸರಪಳಿ. ಸೂಕ್ಷ್ಮಜೀವಿಗಳು ಕೋಟ್ಯಂತರ ವರ್ಷಗಳಲ್ಲಿ ಮರವನ್ನು, ಎಲೆಯನ್ನು, ಸತ್ತ ಪ್ರಾಣಿಯನ್ನು ಕರಗಿಸಲು ಕಲಿತಿವೆ. ಈ ಸರಪಳಿಯನ್ನು ಕಡಿಯಲು ಅವುಗಳ ಬಳಿ ತಕ್ಕ ಕಿಣ್ವಗಳು ಇಲ್ಲವೆನ್ನುವಷ್ಟು ಕಡಿಮೆ. ಆ ಕೆಲಸ ಬಹುಪಾಲು ಬಿಸಿಲಿಗೆ ಬಿಟ್ಟದ್ದು. ನೇರಳಾತೀತ ಕಿರಣ ತಾಗಿ ಪ್ಲಾಸ್ಟಿಕ್ ಪೆಡಸಾಗುತ್ತದೆ, ಬಿರುಕು ಬಿಡುತ್ತದೆ, ಅಲೆಯ ಹೊಡೆತಕ್ಕೆ ಚೂರಾಗುತ್ತದೆ. ಚೂರು ಮತ್ತೆ ಚೂರಾಗುತ್ತದೆಯೇ ಹೊರತು ಇಲ್ಲವಾಗುವುದಿಲ್ಲ. ಅದೇ ಚೀಲ ಬಿಸಿಲು ತಲುಪದ ಸಮುದ್ರದ ತಳಕ್ಕೆ ಇಳಿದರೆ ಚೂರಾಗುವ ಕೆಲಸವೂ ನಿಂತುಬಿಡುತ್ತದೆ. ಮರಿಯಾನಾ ಕಂದಕದಲ್ಲಿ, ಹತ್ತು ಕಿಲೋಮೀಟರಿಗೂ ಹೆಚ್ಚು ಆಳದಲ್ಲಿ, ಪ್ಲಾಸ್ಟಿಕ್ ಚೀಲ ಕಂಡಿರುವುದು ಹೀಗೆ. ಈ ಸಣ್ಣ ಚೂರುಗಳಿಗೆ ಮೈಕ್ರೋಪ್ಲಾಸ್ಟಿಕ್ ಎಂಬ ಹೆಸರು ಬಳಕೆಗೆ ಬಂದದ್ದು ಬ್ರಿಟನ್ನಿನ ರಿಚರ್ಡ್ ಥಾಂಪ್ಸನ್ ಮತ್ತು ಸಹೋದ್ಯೋಗಿಗಳು 2004ರಲ್ಲಿ ಪ್ರಕಟಿಸಿದ ಪ್ರಬಂಧದಿಂದ.

ಸಮುದ್ರದ ಲೆಕ್ಕದಲ್ಲಿ ಒಂದು ವಿಚಿತ್ರವಿದೆ. 2010ರ ಒಂದೇ ವರ್ಷದಲ್ಲಿ 48 ಲಕ್ಷದಿಂದ 1.27 ಕೋಟಿ ಟನ್‌ವರೆಗೆ ಪ್ಲಾಸ್ಟಿಕ್ ನೆಲದಿಂದ ಸಮುದ್ರ ಸೇರಿರಬಹುದು ಎಂದು ಜೆನ್ನಾ ಜ್ಯಾಂಬೆಕ್ ತಂಡ ಅಂದಾಜಿಸಿತು. ಆದರೆ ಜಗತ್ತಿನ ಎಲ್ಲ ಸಾಗರಗಳ ಮೇಲ್ಮೈಯಲ್ಲಿ ತೇಲುತ್ತಿರುವುದು ಸುಮಾರು 2.7 ಲಕ್ಷ ಟನ್ ಮಾತ್ರ ಎಂಬುದು 2014ರ ಅಂದಾಜು. ಉಳಿದದ್ದು ತಳಕ್ಕಿಳಿದಿದೆ, ದಡದ ಮರಳಿನಲ್ಲಿ ಹೂತಿದೆ, ನದಿಗಳ ಹೂಳಿನಲ್ಲಿ ಸಿಕ್ಕಿಕೊಂಡಿದೆ, ಕಣ್ಣಿಗೂ ಬಲೆಗೂ ಸಿಗದಷ್ಟು ಸಣ್ಣದಾಗಿದೆ, ಜೀವಿಗಳ ಹೊಟ್ಟೆ ಸೇರಿದೆ. ಆದ್ದರಿಂದ ದೊಡ್ಡ ಹಡಗು ಕಟ್ಟಿ ಸಾಗರವನ್ನು ಗುಡಿಸಿಬಿಡುತ್ತೇವೆ ಎನ್ನುವ ಯೋಜನೆಗಳನ್ನು ಕಂಡರೆ ನನಗೆ ಉತ್ಸಾಹ ಬರುವುದಿಲ್ಲ. ಗುಡಿಸಲು ಸಿಗುವುದು ಮೇಲೆ ತೇಲುವ ಸಣ್ಣ ಪಾಲು ಮಾತ್ರ. ಪೆಸಿಫಿಕ್ ಸಾಗರದಲ್ಲಿ ಹಾಗೆ ತೇಲುವ ಕಸ ಒಟ್ಟುಗೂಡಿರುವ ಪ್ರದೇಶಕ್ಕೆ ‘ಪೆಸಿಫಿಕ್ ಮಹಾ ಕಸದ ಪಟ್ಟಿ’ ಎಂಬ ಹೆಸರಿದೆ; ಅಲ್ಲಿನ ಕಸದ ತೂಕದಲ್ಲಿ ಶೇ 46ರಷ್ಟು ಮೀನಿನ ಬಲೆಗಳೇ ಎಂದು 2018ರ ಅಧ್ಯಯನ ಹೇಳಿತು. ಸ್ಟ್ರಾ, ಚಮಚಗಳ ಬಗ್ಗೆ ಎಷ್ಟೆಲ್ಲ ಮಾತಾಡಿದ್ದೇವೆ, ಬಲೆಗಳ ಬಗ್ಗೆ ಎಷ್ಟು ಕಡಿಮೆ!

ಪ್ರಾಣಿಗಳ ಮೇಲಿನ ಪರಿಣಾಮಕ್ಕೆ ಹೊಸದಾಗಿ ಸಾಕ್ಷಿ ಬೇಕಿಲ್ಲ. ಬಲೆಗೆ ಸಿಕ್ಕ ಆಮೆ, ಹೊಟ್ಟೆ ತುಂಬ ಚೂರು ತುಂಬಿಕೊಂಡು ಸತ್ತ ಆಲ್ಬಟ್ರಾಸ್ ಮರಿಗಳ ಚಿತ್ರಗಳನ್ನು ಎಲ್ಲರೂ ನೋಡಿದ್ದಾರೆ. ಅಷ್ಟು ಪ್ರಚಾರ ಸಿಗದ ಎರಡು ಸಂಗತಿಗಳು ಇಲ್ಲಿವೆ. ತೇಲುವ ಪ್ಲಾಸ್ಟಿಕ್ ಮೇಲೆ ಪಾಚಿ ಬೆಳೆದರೆ ಅದರಿಂದ ಡೈಮೀಥೈಲ್ ಸಲ್ಫೈಡ್ ಎಂಬ ಅನಿಲದ ವಾಸನೆ ಬರುತ್ತದೆ. ಕೆಲವು ಕಡಲಹಕ್ಕಿಗಳು ಆಹಾರ ಹುಡುಕುವುದು ಇದೇ ವಾಸನೆಯ ಜಾಡು ಹಿಡಿದು. ಅಲ್ಲಿಗೆ, ಹಕ್ಕಿ ಮೋಸಹೋಗುವುದು ಕಣ್ಣಿನಿಂದಲ್ಲ, ಮೂಗಿನಿಂದ. ಎರಡನೆಯದು ಆಸ್ಟ್ರೇಲಿಯಾದ ಲಾರ್ಡ್ ಹೋವ್ ದ್ವೀಪದ ಶಿಯರ್‌ವಾಟರ್ ಹಕ್ಕಿಗಳದು. ಪ್ಲಾಸ್ಟಿಕ್ ಚೂರುಗಳು ಸತತವಾಗಿ ಉಜ್ಜಿ ಅವುಗಳ ಜಠರದ ಗೋಡೆ ಗಾಯದ ಕಲೆಗಟ್ಟಿ ಗಡುಸಾಗಿತ್ತು. 2023ರಲ್ಲಿ ವಿಜ್ಞಾನಿಗಳು ಇದನ್ನು ಪ್ರತ್ಯೇಕ ರೋಗವೆಂದೇ ಗುರುತಿಸಿ ‘ಪ್ಲಾಸ್ಟಿಕೋಸಿಸ್’ ಎಂದು ಕರೆದರು.

ಮೀನು ಕೊಂದದ್ದು ಯಾವುದು?

ಪ್ಲಾಸ್ಟಿಕ್ ಕೇಡಿನ ಸ್ವಭಾವವನ್ನು ಅರ್ಥ ಮಾಡಿಕೊಳ್ಳಲು ಅಮೆರಿಕದ ವಾಷಿಂಗ್ಟನ್ ರಾಜ್ಯದ ಒಂದು ಪ್ರಕರಣವನ್ನು ಸ್ವಲ್ಪ ನಿಧಾನವಾಗಿ ನೋಡಬೇಕು. ಅಲ್ಲಿನ ಪ್ಯುಗೆಟ್ ಸೌಂಡ್ ಪ್ರದೇಶದ ನಗರಗಳ ನಡುವೆ ಹರಿಯುವ ತೊರೆಗಳಿಗೆ ಕೋಹೋ ಸಾಲ್ಮನ್ ಮೀನುಗಳು ಮೊಟ್ಟೆಯಿಡಲು ಸಮುದ್ರದಿಂದ ಮರಳಿ ಬರುತ್ತವೆ. ಮಳೆ ಬಂದ ಕೆಲವೇ ಗಂಟೆಗಳಲ್ಲಿ ಅವು ದಿಕ್ಕುತಪ್ಪಿದಂತೆ ಸುತ್ತಿ, ಬಾಯಿ ತೆರೆದು, ಮೊಟ್ಟೆ ಇಡುವ ಮೊದಲೇ ಸಾಯುತ್ತಿದ್ದವು. ಕೆಲವು ತೊರೆಗಳಲ್ಲಿ ಬಂದ ಮೀನುಗಳಲ್ಲಿ ಶೇ 40ರಿಂದ 90ರವರೆಗೆ ಸತ್ತದ್ದಿದೆ. ಕೀಟನಾಶಕವೇ? ಅಲ್ಲ. ಭಾರಲೋಹವೇ? ಅಲ್ಲ. ರೋಗವೂ ಅಲ್ಲ. ವರ್ಷಗಟ್ಟಲೆ ಹುಡುಕಾಟ ನಡೆಯಿತು. ರಸ್ತೆಯಿಂದ ಹರಿದುಬರುವ ಮಳೆನೀರೇ ಕೊಲ್ಲುತ್ತಿದೆ ಎಂಬುದು ಗೊತ್ತಾಯಿತು. ಆದರೆ ಆ ನೀರಿನಲ್ಲಿ ಸಾವಿರಾರು ರಾಸಾಯನಿಕಗಳಿದ್ದವು.

ವಿಜ್ಞಾನಿಗಳು ಕೊನೆಗೆ ಟೈರಿನ ಪುಡಿಯನ್ನು ನೀರಿನಲ್ಲಿ ನೆನೆಸಿ, ಆ ನೀರನ್ನು ಒಂದೊಂದೇ ಗುಣದ ಮೇಲೆ ಬೇರ್ಪಡಿಸುತ್ತ, ಯಾವ ಪಾಲು ಮೀನನ್ನು ಕೊಲ್ಲುತ್ತದೋ ಅದನ್ನು ಮಾತ್ರ ಉಳಿಸಿಕೊಳ್ಳುತ್ತ ಹೋದರು. 2020ರ ಡಿಸೆಂಬರ್‌ನಲ್ಲಿ ಹೆಸರು ಹೊರಬಂತು: 6ಪಿಪಿಡಿ-ಕ್ವಿನೋನ್. ಟೈರ್ ಬಿರುಕು ಬಿಡದಿರಲಿ ಎಂದು ರಬ್ಬರಿಗೆ 6ಪಿಪಿಡಿ ಎಂಬ ರಕ್ಷಕವನ್ನು ದಶಕಗಳಿಂದ ಬೆರೆಸುತ್ತಾರೆ. ಗಾಳಿಯ ಓಝೋನ್ ರಬ್ಬರನ್ನು ತಿನ್ನುವ ಮೊದಲು ಇದು ಓಝೋನನ್ನು ಹಿಡಿಯುತ್ತದೆ. ಹಿಡಿದು ತಾನೇ ಬೇರೊಂದು ವಸ್ತುವಾಗುತ್ತದೆ. ಆ ಬೇರೊಂದು ವಸ್ತು ಲೀಟರ್ ನೀರಿಗೆ ಮೈಕ್ರೋಗ್ರಾಂನ ಹತ್ತನೇ ಒಂದು ಭಾಗದಷ್ಟಿದ್ದರೂ ಅರ್ಧದಷ್ಟು ಕೋಹೋ ಮೀನುಗಳನ್ನು ಕೊಲ್ಲಬಲ್ಲದು. ಅದರ ಹತ್ತಿರದ ಸಂಬಂಧಿ ಚಮ್ ಸಾಲ್ಮನ್‌ಗೆ ಅದೇ ನೀರಿನಲ್ಲಿ ಏನೂ ಆಗುವುದಿಲ್ಲ.

ಟೈರು ಪ್ಲಾಸ್ಟಿಕ್ಕೇ ಎಂದು ಯಾರಾದರೂ ಕೇಳಬಹುದು. ಇಂದಿನ ಟೈರಿನಲ್ಲಿ ಪೆಟ್ರೋಲಿಯಂ ಮೂಲದ ಕೃತಕ ರಬ್ಬರಿನ ಪಾಲು ದೊಡ್ಡದು. ಸಮುದ್ರ ಸೇರುವ ಸಣ್ಣ ಕಣಗಳ ಮುಖ್ಯ ಮೂಲಗಳೆಂದು ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟವಾದ ಐಯುಸಿಎನ್‌ನ 2017ರ ವರದಿ ಹೆಸರಿಸಿದ್ದು ಕೃತಕ ನೂಲಿನ ಬಟ್ಟೆ ಒಗೆದ ನೀರನ್ನು ಮತ್ತು ಟೈರ್ ಸವೆತವನ್ನು. ಎರಡನ್ನೂ ನಾವು ‘ಪ್ಲಾಸ್ಟಿಕ್ ಕಸ’ ಎಂದು ಎಣಿಸುವುದೇ ಇಲ್ಲ. ಅವು ಕಸವಾಗುವುದು ಬಿಸಾಡಿದಾಗಲ್ಲ, ಬಳಸುತ್ತಿರುವಾಗ.

ಈ ಪ್ರಕರಣದಲ್ಲಿ ಮೀನನ್ನು ಕೊಂದದ್ದು ಕಣವಲ್ಲ, ಕಣದಲ್ಲಿ ಬೆರೆಸಿದ್ದ ರಾಸಾಯನಿಕ. ಅದೂ ಬೆರೆಸಿದ ರೂಪದಲ್ಲಲ್ಲ, ಗಾಳಿಯಲ್ಲಿ ಬದಲಾದ ರೂಪದಲ್ಲಿ. ಕಾರ್ಖಾನೆ ತಾನು ಬೆರೆಸಿದ್ದನ್ನೆಲ್ಲ ಪ್ರಾಮಾಣಿಕವಾಗಿ ಪರೀಕ್ಷೆಗೆ ಕೊಟ್ಟಿದ್ದರೂ ಈ ವಿಷ ಸಿಕ್ಕುತ್ತಿರಲಿಲ್ಲ. ಬೇರೆ ಜಾತಿಯ ಮೀನಿನ ಮೇಲೆ ಪರೀಕ್ಷಿಸಿದ್ದರೆ ‘ಸುರಕ್ಷಿತ’ ಎಂಬ ಮುದ್ರೆಯೂ ಬೀಳುತ್ತಿತ್ತು.

ಬೆರಕೆಯ ಲೆಕ್ಕ

ಹೀಗೆ ಬೆರೆಸುವ ವಸ್ತುಗಳು ಎಷ್ಟು? ಯುರೋಪಿನ ವಿಜ್ಞಾನಿಗಳ ಪ್ಲಾಸ್ಟ್‌ಕೆಮ್ ಯೋಜನೆ 2024ರಲ್ಲಿ ಕೊಟ್ಟ ಪಟ್ಟಿಯಲ್ಲಿ 16,000ಕ್ಕೂ ಹೆಚ್ಚು ರಾಸಾಯನಿಕಗಳಿವೆ. ಮೆದುಗೊಳಿಸಲು, ಬಣ್ಣ ಕೊಡಲು, ಬೆಂಕಿ ಹತ್ತದಂತೆ ಮಾಡಲು, ಬಿಸಿಲು ತಡೆಯಲು ಬೆರೆಸಿದವು ಕೆಲವು. ತಯಾರಿಯಲ್ಲಿ ತಾವಾಗಿ ಉಳಿದುಕೊಂಡವು ಇನ್ನು ಕೆಲವು. 4,200ಕ್ಕೂ ಹೆಚ್ಚು ವಸ್ತುಗಳು ಆರೋಗ್ಯಕ್ಕೋ ಪರಿಸರಕ್ಕೋ ಅಪಾಯಕಾರಿ ಎಂದು ಗುರುತಾಗಿವೆ. 10,000ಕ್ಕೂ ಹೆಚ್ಚಿನವುಗಳ ಅಪಾಯದ ಬಗ್ಗೆ ಮಾಹಿತಿಯೇ ಇಲ್ಲ. ಇವುಗಳಲ್ಲಿ ಬಹಳಷ್ಟು ಪ್ಲಾಸ್ಟಿಕ್ಕಿನ ಅಣುಗಳಿಗೆ ಬಿಗಿಯಾಗಿ ಅಂಟಿಕೊಂಡಿರುವುದಿಲ್ಲ. ಬಿಸಿ ತಾಗಿದರೆ, ಎಣ್ಣೆ ಜಿಡ್ಡು ತಾಗಿದರೆ, ಹಳೆಯದಾದರೆ ಹೊರಗೆ ಜಿನುಗುತ್ತವೆ.

ಬಿಸ್ಫೆನಾಲ್ ಎ, ಚಿಕ್ಕದಾಗಿ ಬಿಪಿಎ, ಇದರ ಚರಿತ್ರೆ ಸ್ವಾರಸ್ಯಕರ. ಇದು ದೇಹದಲ್ಲಿ ಈಸ್ಟ್ರೋಜೆನ್ ಹಾರ್ಮೋನಿನಂತೆ ವರ್ತಿಸುತ್ತದೆ ಎಂಬುದನ್ನು ಬ್ರಿಟನ್ನಿನ ಚಾರ್ಲ್ಸ್ ಡಾಡ್ಸ್ 1930ರ ದಶಕದಲ್ಲೇ ತೋರಿಸಿದ್ದರು. ಗೊತ್ತಿದ್ದೂ 1950ರ ದಶಕದ ನಂತರ ಅದರಿಂದ ಗಡುಸಾದ ಪಾರದರ್ಶಕ ಪ್ಲಾಸ್ಟಿಕ್ ಮಾಡಿದರು, ಆಹಾರದ ಡಬ್ಬಿಗಳ ಒಳಲೇಪನ ಮಾಡಿದರು, ಹಾಲುಣಿಸುವ ಬಾಟಲಿಯನ್ನೂ ಮಾಡಿದರು. ಶಿಶುಗಳ ಬಾಟಲಿಯಿಂದ ಅದು ಹೊರಬಿದ್ದದ್ದು ಈ ಶತಮಾನದಲ್ಲಿ, ಯುರೋಪಿನಲ್ಲಿ 2011ರಲ್ಲಿ. ‘ಬಿಪಿಎ ಇಲ್ಲ’ ಎಂಬ ಚೀಟಿ ಅಂಟಿಸಿಕೊಂಡು ಬಂದ ಅನೇಕ ವಸ್ತುಗಳಲ್ಲಿ ಅದರ ಜಾಗಕ್ಕೆ ಬಂದದ್ದು ಬಿಪಿಎಸ್, ಬಿಪಿಎಫ್. ರಚನೆಯಲ್ಲಿ ಅಣ್ಣತಮ್ಮಂದಿರು, ಹಾರ್ಮೋನಿನಂತೆ ವರ್ತಿಸುವುದರಲ್ಲೂ.

2023ರಲ್ಲಿ ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ ಬಿಪಿಎಯ ದೈನಂದಿನ ಸುರಕ್ಷಿತ ಮಿತಿಯನ್ನು ಒಮ್ಮೆಗೇ 20,000 ಪಟ್ಟು ಇಳಿಸಿತು. ಜರ್ಮನಿಯ ಅಪಾಯ ಮೌಲ್ಯಮಾಪನ ಸಂಸ್ಥೆ ಇಷ್ಟು ಇಳಿಸುವುದಕ್ಕೆ ಆಧಾರ ಸಾಲದು ಎಂದು ತಕರಾರು ತೆಗೆಯಿತು. ಆದರೆ ಆ ಸಂಸ್ಥೆ ತಾನೇ ಲೆಕ್ಕ ಹಾಕಿ ಕೊಟ್ಟ ಮಿತಿಯೂ ಹಳೆಯದಕ್ಕಿಂತ 20 ಪಟ್ಟು ಕಡಿಮೆಯಿತ್ತು. ಜಗಳ ಇದ್ದದ್ದು ಎಷ್ಟು ಇಳಿಸಬೇಕು ಎಂಬುದರಲ್ಲಿ. ಹಳೆಯ ಮಿತಿ ಸರಿಯಿತ್ತು ಎಂದು ಎರಡೂ ಕಡೆಯವರು ಹೇಳಲಿಲ್ಲ. 2024ರ ಡಿಸೆಂಬರ್‌ನಲ್ಲಿ ಯುರೋಪಿಯನ್ ಒಕ್ಕೂಟ ಆಹಾರಕ್ಕೆ ತಾಗುವ ವಸ್ತುಗಳಲ್ಲಿ ಬಿಪಿಎ ನಿಷೇಧಿಸಿತು. ಡಾಡ್ಸ್ ತೋರಿಸಿದ ಸುಮಾರು ತೊಂಬತ್ತು ವರ್ಷಗಳ ನಂತರ!

ಪಿವಿಸಿಯನ್ನು ಮೆದುವಾಗಿಸುವ ಥ್ಯಾಲೇಟ್‌ಗಳದು ಇನ್ನಷ್ಟು ತೊಡಕಿನ ವಿಷಯ. ಇವುಗಳಲ್ಲಿ ಕೆಲವು ಗಂಡು ಹಾರ್ಮೋನಿನ ಕೆಲಸಕ್ಕೆ ಅಡ್ಡಬರುತ್ತವೆ. ಗರ್ಭದಲ್ಲಿರುವ ಗಂಡುಮಗುವಿನ ಜನನಾಂಗದ ಬೆಳವಣಿಗೆಗೆ ತೊಡಕು ಮಾಡುತ್ತವೆ ಎಂಬುದಕ್ಕೆ ಪ್ರಾಣಿಗಳ ಮೇಲಿನ ಪ್ರಯೋಗಗಳ ಜೊತೆ ಮನುಷ್ಯರ ಅಧ್ಯಯನಗಳೂ ಇವೆ. ಆದರೆ ಇದೇ ಗುಂಪಿನ ಡಿಇಎಚ್‌ಪಿ ರಕ್ತದ ಚೀಲಗಳಲ್ಲಿ ಕೆಂಪು ರಕ್ತಕಣಗಳು ಹೆಚ್ಚು ದಿನ ಕೆಡದಂತೆ ಕಾಯುತ್ತದೆ. ಅದನ್ನು ತೆಗೆದುಹಾಕುವುದು ಆದೇಶ ಹೊರಡಿಸಿದಷ್ಟು ಸುಲಭವಲ್ಲ. ಪ್ಲಾಸ್ಟಿಕ್ ಇಲ್ಲದ ಆಸ್ಪತ್ರೆಯನ್ನು ಇವತ್ತು ಊಹಿಸುವುದೂ ಕಷ್ಟ. ಸಿರಿಂಜು, ಡ್ರಿಪ್ಪು, ಡಯಾಲಿಸಿಸ್ ಎಲ್ಲದರಲ್ಲೂ ಅದು ಜೀವ ಉಳಿಸುತ್ತಿದೆ. ಎಲ್ಲ ಪ್ಲಾಸ್ಟಿಕ್ಕೂ ಕೆಟ್ಟದ್ದು ಎನ್ನುವ ಹಟ ಕೊನೆಗೆ ಉಪಯೋಗಕ್ಕೆ ಬರುವುದು ಯಾವುದನ್ನೂ ಬದಲಿಸಬಾರದು ಎನ್ನುವವರಿಗೇ.

ದೇಹದೊಳಗಿನ ಕಣಗಳು

ಇನ್ನು ಪತ್ರಿಕೆಗಳ ತಲೆಬರಹ ತುಂಬುವ ಕಣಗಳ ವಿಷಯ. 2022ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಸಂಶೋಧಕರು 22 ರಕ್ತದಾನಿಗಳಲ್ಲಿ 17 ಮಂದಿಯ ರಕ್ತದಲ್ಲಿ ಪ್ಲಾಸ್ಟಿಕ್ ಕಂಡರು. ಅದಕ್ಕೂ ಮೊದಲು ಇಟಲಿಯಲ್ಲಿ ಆರು ತಾಯಂದಿರ ಮಾಸುವಿನಲ್ಲಿ ಹುಡುಕಿದಾಗ ನಾಲ್ಕರಲ್ಲಿ ಕಣಗಳು ಸಿಕ್ಕಿದ್ದವು. ಬಾಟಲಿ ನೀರಿನಲ್ಲಿ ಲೀಟರಿಗೆ ಸರಾಸರಿ 2.4 ಲಕ್ಷ ಕಣಗಳಿವೆ, ಅದರಲ್ಲಿ ಶೇ 90ರಷ್ಟು ನ್ಯಾನೋ ಗಾತ್ರದವು ಎಂದು 2024ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ತಂಡ ಹೇಳಿತು. ಸಂಖ್ಯೆ ಕೇಳಿದರೆ ಎದೆ ಝಲ್ಲೆನ್ನುತ್ತದೆ. ಆದರೆ ನ್ಯಾನೋ ಕಣಗಳ ತೂಕ ಎಷ್ಟು ಅಲ್ಪವೆಂದರೆ ಲಕ್ಷಗಟ್ಟಲೆ ಕಣ ಸೇರಿದರೂ ತಕ್ಕಡಿಗೆ ಗೊತ್ತಾಗುವುದಿಲ್ಲ. ತೂಕ ಕಡಿಮೆ ಎಂದು ನಿರಾಳವಾಗುವಂತೆಯೂ ಇಲ್ಲ. ಗಾತ್ರ ಚಿಕ್ಕದಾದಷ್ಟೂ ಕರುಳಿನ ಗೋಡೆ ದಾಟಿ ರಕ್ತಕ್ಕೆ ಇಳಿಯುವುದು ಸುಲಭ.

ಈವರೆಗಿನ ಪುರಾವೆಗಳಲ್ಲಿ ನನಗೆ ಹೆಚ್ಚು ಗಂಭೀರವಾಗಿ ಕಂಡದ್ದು 2024ರ ಇಟಲಿಯ ಹೃದ್ರೋಗ ಅಧ್ಯಯನ. ಕುತ್ತಿಗೆಯ ಅಪಧಮನಿಯಲ್ಲಿ ಕಟ್ಟಿಕೊಂಡ ಕೊಬ್ಬಿನ ಪದರವನ್ನು ಶಸ್ತ್ರಚಿಕಿತ್ಸೆಯಲ್ಲಿ ತೆಗೆಸಿಕೊಂಡ 257 ರೋಗಿಗಳನ್ನು ಸುಮಾರು ಮೂರು ವರ್ಷ ಗಮನಿಸಿದರು. 150 ಮಂದಿಯ ಪದರದಲ್ಲಿ ಪಾಲಿಎಥಿಲೀನ್ ಇತ್ತು. ಪ್ಲಾಸ್ಟಿಕ್ ಕಂಡುಬಂದವರಲ್ಲಿ ಹೃದಯಾಘಾತ, ಪಾರ್ಶ್ವವಾಯು ಅಥವಾ ಸಾವಿನ ಅಪಾಯ ಉಳಿದವರಿಗಿಂತ ನಾಲ್ಕೂವರೆ ಪಟ್ಟು ಹೆಚ್ಚಿತ್ತು. ಪ್ಲಾಸ್ಟಿಕ್ಕೇ ಕಾರಣ ಎಂದು ಇದರಿಂದ ಸಾಬೀತಾಗುವುದಿಲ್ಲ, ಅಧ್ಯಯನ ಮಾಡಿದವರೂ ಹಾಗೆ ಹೇಳಲಿಲ್ಲ. ರೋಗ ಬಲಿತ ಪದರವೇ ಹೆಚ್ಚು ಕಣಗಳನ್ನು ಹಿಡಿದಿಟ್ಟುಕೊಳ್ಳುತ್ತಿರಬಹುದು. ಆದರೂ ಇದನ್ನು ತಳ್ಳಿಹಾಕುವುದು ಸುಲಭವಲ್ಲ.

ಮಿದುಳಿನ ಅಧ್ಯಯನದ ಬಗ್ಗೆ ಅಷ್ಟೇ ಭರವಸೆ ನನಗಿಲ್ಲ. 2025ರ ಆರಂಭದಲ್ಲಿ ಅಮೆರಿಕದ ನ್ಯೂ ಮೆಕ್ಸಿಕೋ ವಿಶ್ವವಿದ್ಯಾಲಯದ ತಂಡ ಸತ್ತವರ ಮಿದುಳಿನಲ್ಲಿ ಯಕೃತ್ತು, ಮೂತ್ರಪಿಂಡಗಳಿಗಿಂತ ಹೆಚ್ಚು ಪ್ಲಾಸ್ಟಿಕ್ ಇದೆ ಎಂದು ವರದಿ ಮಾಡಿತು. ಒಂದು ಚಮಚದ ತೂಕದಷ್ಟು ಎಂಬ ಮಾತು ಎಲ್ಲೆಡೆ ಹರಡಿತು. ಅವರು ಬಳಸಿದ ವಿಧಾನದಲ್ಲಿ ಮಾದರಿಯನ್ನು ಕಾಯಿಸಿ ಒಡೆದು, ಹೊರಬರುವ ತುಣುಕುಗಳಿಂದ ಪ್ಲಾಸ್ಟಿಕ್ಕನ್ನು ಗುರುತಿಸುತ್ತಾರೆ. ತೊಂದರೆಯೆಂದರೆ ಕೊಬ್ಬನ್ನು ಹಾಗೆ ಕಾಯಿಸಿದರೂ ಪಾಲಿಎಥಿಲೀನ್‌ನಂಥದೇ ತುಣುಕುಗಳು ಬರುತ್ತವೆ. ಮಿದುಳಿನಲ್ಲಿ ಇರುವುದೇ ಬೇಕಾದಷ್ಟು ಕೊಬ್ಬು. ಬೇರೆ ವಿಜ್ಞಾನಿಗಳು ಈ ಆಕ್ಷೇಪವನ್ನು ಎತ್ತಿದ್ದಾರೆ. ಪ್ರಯೋಗಾಲಯದ ಗಾಳಿ, ಕೈಗವಸು, ನಳಿಕೆ ಎಲ್ಲದರಲ್ಲೂ ಪ್ಲಾಸ್ಟಿಕ್ ಇರುವಾಗ ಮಾದರಿಯನ್ನು ಶುದ್ಧವಾಗಿ ಇಡುವುದೇ ಒಂದು ಯುದ್ಧ.

ಇದಕ್ಕೆ ಹೋಲಿಸಿದರೆ ಹಳೆಯ ಪುರಾವೆಗಳಲ್ಲಿ ಅನುಮಾನಕ್ಕೆ ಎಡೆಯೇ ಇಲ್ಲ. ನೈಲಾನಿನ ಸಣ್ಣ ಎಳೆಗಳನ್ನು ಬಟ್ಟೆಗೆ ಅಂಟಿಸುವ ಕಾರ್ಖಾನೆಗಳ ಕಾರ್ಮಿಕರಲ್ಲಿ ಶ್ವಾಸಕೋಶದ ರೋಗವೊಂದು 1990ರ ದಶಕದಲ್ಲೇ ದಾಖಲಾಗಿದೆ. ಅದಕ್ಕೂ ಹಿಂದೆ, 1974ರಲ್ಲಿ, ಅಮೆರಿಕದ ಲೂಯಿವಿಲ್ ನಗರದ ಪಿವಿಸಿ ಕಾರ್ಖಾನೆಯ ಕಾರ್ಮಿಕರಲ್ಲಿ ಯಕೃತ್ತಿನ ಬಹಳ ಅಪರೂಪದ ಕ್ಯಾನ್ಸರ್ ಒಬ್ಬರಾದ ಮೇಲೊಬ್ಬರಿಗೆ ಕಾಣಿಸಿಕೊಂಡಿದ್ದು ಹೊರಬಂತು. ಕಾರಣ ಪಿವಿಸಿಯ ಮೂಲವಸ್ತುವಾದ ವಿನೈಲ್ ಕ್ಲೋರೈಡ್. 2023ರ ಫೆಬ್ರುವರಿಯಲ್ಲಿ ಅಮೆರಿಕದ ಒಹಾಯೊ ರಾಜ್ಯದ ಈಸ್ಟ್ ಪ್ಯಾಲೆಸ್ಟೈನ್ ಎಂಬಲ್ಲಿ ಹಳಿ ತಪ್ಪಿದ ರೈಲಿನ ಐದು ಟ್ಯಾಂಕರುಗಳಿಂದ ಸುರಿದು ಸುಟ್ಟು, ಊರ ಮೇಲೆ ಕಪ್ಪು ಹೊಗೆ ಎದ್ದದ್ದು ಇದೇ ವಸ್ತುವಿನಿಂದ. ಪ್ಲಾಸ್ಟಿಕ್ ಇನ್ನೂ ಪ್ಲಾಸ್ಟಿಕ್ ಆಗಿರದ ಹಂತದಲ್ಲೇ ಜನ ಸತ್ತಿದ್ದಾರೆ, ಊರು ತೆರವಾಗಿದೆ. ಹವಾಮಾನದ ಲೆಕ್ಕವೂ ಇದೇ ಕಡೆ ಬೆರಳು ತೋರಿಸುತ್ತದೆ. 2019ರಲ್ಲಿ ಜಗತ್ತಿನ ಹಸಿರುಮನೆ ಅನಿಲಗಳಲ್ಲಿ ಶೇ 3.4ರಷ್ಟು ಪ್ಲಾಸ್ಟಿಕ್ಕಿನದು, ಅದರಲ್ಲಿ ಶೇ 90ರಷ್ಟು ತಯಾರಿಕೆಯ ಹಂತದ್ದು ಎಂದು ಒಇಸಿಡಿ ಹೇಳುತ್ತದೆ.

ಇನ್ನೊಂದು ತುದಿಯಲ್ಲಿ ಬೆಂಕಿ ಇದೆ. ಬ್ರಿಟನ್ನಿನ ಲೀಡ್ಸ್ ವಿಶ್ವವಿದ್ಯಾಲಯದ 2024ರ ಅಧ್ಯಯನದ ಪ್ರಕಾರ ವರ್ಷಕ್ಕೆ ಸುಮಾರು 5.2 ಕೋಟಿ ಟನ್ ಪ್ಲಾಸ್ಟಿಕ್ ಹಿಡಿತವಿಲ್ಲದೆ ಪರಿಸರ ಸೇರುತ್ತದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲನ್ನು ಜನ ಬಯಲಲ್ಲೇ ಸುಡುತ್ತಾರೆ. ಸುಡದೆ ಏನು ಮಾಡಿಯಾರು? ಕಸ ಒಯ್ಯುವ ಗಾಡಿಯನ್ನೇ ಕಾಣದ ಜನ ಜಗತ್ತಿನಲ್ಲಿ ನೂರು ಕೋಟಿಗೂ ಹೆಚ್ಚಿದ್ದಾರೆ. ಆ ಹೊಗೆಯಲ್ಲಿ ಡೈಆಕ್ಸಿನ್ ಎಂಬ ವಿಷಗಳಿವೆ, ಭಾರಲೋಹಗಳಿವೆ, ಶ್ವಾಸಕೋಶದ ಆಳಕ್ಕಿಳಿಯುವ ಮಸಿ ಇದೆ. ಮೈಕ್ರೋಪ್ಲಾಸ್ಟಿಕ್ ಕುರಿತ ಸಂಶೋಧನೆಗೆ ಸಿಗುವ ಗಮನದಲ್ಲಿ ಹತ್ತರಲ್ಲೊಂದು ಪಾಲು ಈ ಹೊಗೆಗೆ ಸಿಕ್ಕಿದ್ದರೂ ಎಷ್ಟೋ ಜನರ ಉಸಿರು ಹಗುರಾಗುತ್ತಿತ್ತು.

ಮರುಬಳಕೆ ಎಂಬ ಸಮಾಧಾನ

ಇಷ್ಟೆಲ್ಲ ಇದ್ದರೂ ನಮಗೆ ಕಲಿಸಿಕೊಟ್ಟ ಉತ್ತರ ಒಂದೇ: ಬೇರ್ಪಡಿಸಿ ಬುಟ್ಟಿಗೆ ಹಾಕಿ, ಮರುಬಳಕೆ ಆಗುತ್ತದೆ. ಶೇ 9 ಎಂಬ ಅಂಕಿ ದಶಕಗಳ ಪ್ರಚಾರದ ನಂತರವೂ ಅಲ್ಲೇ ನಿಂತಿರುವುದಕ್ಕೆ ಜನರ ಸೋಮಾರಿತನ ಕಾರಣವಲ್ಲ. ಗಾಜನ್ನೋ ಅಲ್ಯೂಮಿನಿಯಮ್ಮನ್ನೋ ಕರಗಿಸಿದರೆ ಹಳೆಯದರಷ್ಟೇ ಗಟ್ಟಿಯಾದ ಹೊಸದು ಸಿಗುತ್ತದೆ. ಪ್ಲಾಸ್ಟಿಕ್ಕನ್ನು ಕರಗಿಸಿದಾಗಲೆಲ್ಲ ಅದರ ಸರಪಳಿಗಳು ತುಂಡಾಗಿ ಗುಣ ಇಳಿಯುತ್ತದೆ. ಬಗೆಬಗೆಯ ಪ್ಲಾಸ್ಟಿಕ್ಕುಗಳು ಒಂದರೊಡನೊಂದು ಬೆರೆಯುವುದಿಲ್ಲ. ತೆಳು ಪದರಗಳನ್ನು ಒಂದರ ಮೇಲೊಂದು ಅಂಟಿಸಿದ ಸ್ಯಾಶೆಗಳನ್ನು ಬಿಡಿಸುವುದು ದುಡ್ಡಿನ ಲೆಕ್ಕದಲ್ಲಿ ಆಗದ ಮಾತು. ಸಲೀಸಾಗಿ ಮರುಬಳಕೆಯಾಗುವುದು ಪೆಟ್ ಬಾಟಲಿ, ಗಡುಸು ಪಾಲಿಎಥಿಲೀನ್ ಡಬ್ಬಗಳಂಥ ಒಂದೆರಡು ಬಗೆ. ಅದರಲ್ಲೂ ತೈಲದ ಬೆಲೆ ಇಳಿದಾಗ ಹೊಸ ಪ್ಲಾಸ್ಟಿಕ್ಕೇ ಅಗ್ಗ.

ಆದರೂ 1988ರಲ್ಲಿ ಅಮೆರಿಕದ ಪ್ಲಾಸ್ಟಿಕ್ ಉದ್ಯಮದ ಸಂಘ ಎಲ್ಲ ಬಗೆಗೂ ಸುತ್ತುವ ಬಾಣಗಳ ತ್ರಿಕೋನ ಹಾಕುವ ಪದ್ಧತಿ ತಂದಿತು. ಒಳಗಿನ ಅಂಕೆ ಪ್ಲಾಸ್ಟಿಕ್ಕಿನ ಬಗೆಯನ್ನಷ್ಟೇ ಹೇಳುತ್ತದೆ. ನೋಡಿದವರಿಗೆ ಕಾಣುವುದು ‘ಮರುಬಳಕೆ ಆಗುತ್ತದೆ’ ಎಂಬ ಭರವಸೆ. ಮರುಬಳಕೆಯ ವಿಷಯದಲ್ಲಿ ಜನರನ್ನು ದಶಕಗಳ ಕಾಲ ದಾರಿ ತಪ್ಪಿಸಲಾಗಿದೆ ಎಂದು ಆರೋಪಿಸಿ ಕ್ಯಾಲಿಫೋರ್ನಿಯಾ ರಾಜ್ಯವು ಎಕ್ಸಾನ್‌ಮೊಬಿಲ್ ವಿರುದ್ಧ 2024ರಲ್ಲಿ ಮೊಕದ್ದಮೆ ಹೂಡಿತು. ಕಂಪನಿ ಆರೋಪವನ್ನು ಅಲ್ಲಗಳೆದಿದೆ. ತೀರ್ಪು ಏನೇ ಬರಲಿ, ತಯಾರಿಸಿದವನ ಹೊಣೆ ಬಳಸಿದವನ ಹೆಗಲಿಗೆ ಜಾರಿದ್ದಂತೂ ಕಣ್ಣೆದುರಿಗೇ ಇದೆ. ಶ್ರೀಮಂತ ದೇಶಗಳು ‘ಮರುಬಳಕೆ’ಯ ಹೆಸರಿನಲ್ಲಿ ಎಷ್ಟು ಕಸವನ್ನು ಹಡಗು ಹತ್ತಿಸುತ್ತಿದ್ದವು ಎಂಬುದು ಬಯಲಾದದ್ದು ಚೀನಾ 2018ರಲ್ಲಿ ತನ್ನ ಬಾಗಿಲು ಮುಚ್ಚಿದಾಗ. ಕಸ ಆಗ್ನೇಯ ಏಷ್ಯಾದ ಕಡೆ ತಿರುಗಿತು. ಅಪಾಯಕಾರಿ ಕಸದ ಅಂತರರಾಷ್ಟ್ರೀಯ ಸಾಗಾಟವನ್ನು ನಿಯಂತ್ರಿಸುವ ಬಾಸೆಲ್ ಒಪ್ಪಂದದ ತಿದ್ದುಪಡಿ ಜಾರಿಯಾಗಿ ಅದಕ್ಕೆ ಒಂದಿಷ್ಟು ಅಂಕುಶ ಬಿದ್ದದ್ದು 2021ರಲ್ಲಿ.

ಮರುಬಳಕೆಗೂ ಬೆರಕೆಯ ಸಮಸ್ಯೆಗೂ ನಂಟಿದೆ. ಅಡುಗೆಮನೆಯ ಕಪ್ಪು ಪ್ಲಾಸ್ಟಿಕ್ ಸೌಟುಗಳಲ್ಲಿ ಬೆಂಕಿನಿರೋಧಕ ರಾಸಾಯನಿಕಗಳು ಸಿಕ್ಕಿವೆ ಎಂದು 2024ರಲ್ಲಿ ಒಂದು ಅಧ್ಯಯನ ದೊಡ್ಡ ಸದ್ದು ಮಾಡಿತು. ಆಮೇಲೆ ನೋಡಿದರೆ 60ನ್ನು 7,000ದಿಂದ ಗುಣಿಸಿ 4,20,000 ಎನ್ನುವ ಬದಲು 42,000 ಎಂದು ಬರೆದಿದ್ದರು! ಅಪಾಯ ಹತ್ತು ಪಟ್ಟು ಉಬ್ಬಿತ್ತು. ಜನ ನಕ್ಕು ಮರೆತರು. ಮರೆಯಬಾರದಿದ್ದ ಪ್ರಶ್ನೆ ಇನ್ನೊಂದಿತ್ತು. ಸೌಟಿಗೆ ಬೆಂಕಿನಿರೋಧಕ ಯಾಕೆ ಬೇಕು? ಬೇಕಿಲ್ಲ. ಹಳೆಯ ಟಿವಿ, ಕಂಪ್ಯೂಟರುಗಳ ಕಪ್ಪು ಹೊದಿಕೆಯನ್ನು ಕರಗಿಸಿ ಮಾಡಿದ ಪ್ಲಾಸ್ಟಿಕ್ಕಿನ ಜೊತೆ ಅದು ಬಂದಿದೆ. ಏನು ಬೆರೆಸಿದ್ದಾರೆಂದೇ ಗೊತ್ತಿಲ್ಲದ ವಸ್ತುವನ್ನು ಮರುಬಳಕೆ ಮಾಡಿದರೆ ವಿಷದ ಮರುಬಳಕೆಯೂ ಆಗುತ್ತದೆ.

‘ಜೈವಿಕವಾಗಿ ಕರಗುವ’ ಪ್ಲಾಸ್ಟಿಕ್ ಕುರಿತು ಎರಡೇ ಮಾತು. ಬಹಳ ಪ್ರಚಾರದಲ್ಲಿರುವ, ಸಸ್ಯಮೂಲದ ಪಿಎಲ್‌ಎ ಪ್ಲಾಸ್ಟಿಕ್ ಚೆನ್ನಾಗಿ ಕರಗಲು ಸುಮಾರು 60 ಡಿಗ್ರಿ ಬಿಸಿ ಇರುವ ಗೊಬ್ಬರ ಘಟಕ ಬೇಕು. ‘ಬಯೋಡಿಗ್ರೇಡಬಲ್’ ಎಂದು ಬರೆದಿದ್ದ ಚೀಲವನ್ನು ಮೂರು ವರ್ಷ ಮಣ್ಣಿನಲ್ಲಿ ಹೂತಿಟ್ಟು ತೆಗೆದಾಗ ಅದರಲ್ಲಿ ಇನ್ನೂ ಸಾಮಾನು ಹೊರಬಹುದಿತ್ತು ಎಂಬುದನ್ನು 2019ರಲ್ಲಿ ಥಾಂಪ್ಸನ್ ಅವರ ತಂಡವೇ ತೋರಿಸಿದೆ.

ಒಬ್ಬೊಬ್ಬರೂ ತಮ್ಮ ಮಟ್ಟಿಗೆ ಮಾಡಬಹುದಾದದ್ದು ಇದೆ. ಅದರಲ್ಲಿ ಎಲ್ಲಕ್ಕಿಂತ ಹೆಚ್ಚು ಆಧಾರವಿರುವುದು ಬಿಸಿಯನ್ನೂ ಪ್ಲಾಸ್ಟಿಕ್ಕನ್ನೂ ದೂರ ಇಡುವುದಕ್ಕೆ. ಶಿಶುಗಳಿಗೆ ಹಾಲುಣಿಸುವ ಪಾಲಿಪ್ರೊಪಿಲೀನ್ ಬಾಟಲಿಗೆ ಬಿಸಿನೀರು ಹಾಕಿ ಅಲುಗಿಸಿದಾಗ ಲೀಟರಿಗೆ 1.6 ಕೋಟಿವರೆಗೆ ಕಣಗಳು ಬಿಟ್ಟುಕೊಂಡದ್ದನ್ನು 2020ರಲ್ಲಿ ಡಬ್ಲಿನ್‌ನ ಟ್ರಿನಿಟಿ ಕಾಲೇಜಿನ ಸಂಶೋಧಕರು ಎಣಿಸಿದ್ದಾರೆ. ಬಿಸಿ ಏರಿದಂತೆ ಎಣಿಕೆಯೂ ಏರುತ್ತಿತ್ತು. ಆದರೆ ಗಾಜಿನ ಪಾತ್ರೆ ಕೊಳ್ಳಬಲ್ಲವರು ಮಾತ್ರ ಪಾರಾಗುವ ಪರಿಹಾರವನ್ನು ಪರಿಹಾರ ಎನ್ನಲು ನನಗೆ ಮನಸ್ಸಿಲ್ಲ. ಕಾನೂನು ಕೆಲಸ ಮಾಡುತ್ತದೆ ಎಂಬುದಕ್ಕೆ ಉದಾಹರಣೆಗಳಿವೆ. ಐರ್ಲೆಂಡ್ 2002ರಲ್ಲಿ ಚೀಲಕ್ಕೆ ತೆರಿಗೆ ಹಾಕಿದಾಗ ಬಳಕೆ ಶೇ 90ರಷ್ಟು ಕುಸಿಯಿತು. ಅದೇ ವರ್ಷ ತೆಳು ಚೀಲಗಳನ್ನು ನಿಷೇಧಿಸಿದ ಬಾಂಗ್ಲಾದೇಶ ಆ ಕೆಲಸದಲ್ಲಿ ಜಗತ್ತಿಗೇ ಮೊದಲು. ಜಾರಿ ಸಡಿಲವಾದದ್ದರಿಂದ ಅಲ್ಲಿ ಚೀಲಗಳು ಮರಳಿ ಬಂದವು.

ಜಾಗತಿಕ ಮಟ್ಟದ ಕಾನೂನು ಸಿಕ್ಕಿಬಿದ್ದಿರುವುದು ಪ್ರಮಾಣ ಮತ್ತು ಬೆರಕೆಯ ಅವೇ ಎರಡು ಪ್ರಶ್ನೆಗಳಲ್ಲಿ. 2022ರ ಮಾರ್ಚ್‌ನಲ್ಲಿ ನೈರೋಬಿಯಲ್ಲಿ ಸೇರಿದ ವಿಶ್ವಸಂಸ್ಥೆಯ ಪರಿಸರ ಸಭೆ ಪ್ಲಾಸ್ಟಿಕ್ಕಿನ ಇಡೀ ಆಯುಷ್ಯವನ್ನು ಒಳಗೊಳ್ಳುವ, ಕಾನೂನಿನ ಬಲವಿರುವ ಒಪ್ಪಂದ ಮಾಡಲು ತೀರ್ಮಾನಿಸಿತು. 2024ರ ಕೊನೆಯಲ್ಲಿ ದಕ್ಷಿಣ ಕೊರಿಯಾದ ಬುಸಾನ್‌ನಲ್ಲಿ ಅದು ಮುಗಿಯಬೇಕಿತ್ತು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ನೂರಕ್ಕೂ ಹೆಚ್ಚು ದೇಶಗಳು ತಯಾರಿಕೆಗೇ ಮಿತಿ ಬೇಕು, ಅಪಾಯಕಾರಿ ರಾಸಾಯನಿಕಗಳ ಪಟ್ಟಿ ಬೇಕು ಎಂದವು. ಸೌದಿ ಅರೇಬಿಯಾ, ರಷ್ಯಾ ಮೊದಲಾದ ತೈಲ ದೇಶಗಳು ಕಸ ನಿರ್ವಹಣೆ ಸಾಕು ಎಂದವು. ಅವುಗಳ ಲೆಕ್ಕ ಅರ್ಥವಾಗದ್ದೇನಲ್ಲ. ವಾಹನಗಳು ವಿದ್ಯುತ್ತಿಗೆ ಹೊರಳುತ್ತಿರುವಾಗ ತೈಲಕ್ಕೆ ಉಳಿದ ದೊಡ್ಡ ಗಿರಾಕಿ ಪೆಟ್ರೋಕೆಮಿಕಲ್ ಉದ್ಯಮ. 2050ರವರೆಗೆ ತೈಲದ ಬೇಡಿಕೆಯಲ್ಲಿ ಆಗುವ ಹೆಚ್ಚಳದ ಅರ್ಧದಷ್ಟು ಅಲ್ಲಿಂದಲೇ ಬರಲಿದೆ ಎಂದು ಅಂತರರಾಷ್ಟ್ರೀಯ ಇಂಧನ ಸಂಸ್ಥೆ 2018ರಲ್ಲೇ ಹೇಳಿತ್ತು. 2025ರ ಆಗಸ್ಟ್‌ನಲ್ಲಿ ಜಿನೀವಾದಲ್ಲಿ ಮತ್ತೆ ಸೇರಿದರು. ಆಗಸ್ಟ್ 15ರಂದು ಒಪ್ಪಂದವಿಲ್ಲದೆ ಎದ್ದರು.

ಅಡ್ಡಿಯಾದದ್ದು ಮಾತುಕತೆಯ ನಿಯಮ ಕೂಡ. ಎಲ್ಲರ ಒಮ್ಮತ ಬೇಕೆಂದರೆ ಕೆಲವೇ ದೇಶಗಳ ವಿರೋಧವೂ ಸಾಕು ಪಠ್ಯವನ್ನು ತಡೆಯಲು. ಇದಕ್ಕೆ ದಾರಿ ಇಲ್ಲದೇ ಇಲ್ಲ. ನೆಲಬಾಂಬ್ ನಿಷೇಧದ ಮಾತುಕತೆ ಹೀಗೇ ಒಮ್ಮತದ ನಿಯಮಕ್ಕೆ ಸಿಕ್ಕಿ ನಿಂತಾಗ, ಒಪ್ಪುವ ದೇಶಗಳು ಹೊರಗೆ ಸೇರಿ 1997ರಲ್ಲಿ ಒಟ್ಟಾವಾ ಒಪ್ಪಂದ ಮಾಡಿಕೊಂಡವು. ಅಮೆರಿಕ, ರಷ್ಯಾ, ಚೀನಾ ಸಹಿ ಹಾಕಲಿಲ್ಲ; ಹಾಗಿದ್ದೂ ನೆಲಬಾಂಬ್‌ಗಳ ವ್ಯಾಪಾರ ಬಹುತೇಕ ನಿಂತಿತು. ಪ್ಲಾಸ್ಟಿಕ್ಕಿನ ನೂರು ದೇಶಗಳೂ ಹಾಗೆ ಹೊರನಡೆಯಬೇಕೆಂಬುದು ನನ್ನ ಅಭಿಪ್ರಾಯ. ಎಲ್ಲರ ಸಹಿಯಿರುವ ಸಪ್ಪೆ ಕಾಗದಕ್ಕಿಂತ ನೂರು ದೇಶಗಳ ಮಾರುಕಟ್ಟೆಯಲ್ಲಿ ನಡೆಯದ 4,200 ರಾಸಾಯನಿಕಗಳ ಪಟ್ಟಿ ಹೆಚ್ಚು ಕೆಲಸ ಮಾಡೀತು. ಸಹಿ ಹಾಕದ ದೇಶದ ಕಾರ್ಖಾನೆಯೂ ತನ್ನ ಸರಕನ್ನು ಎಲ್ಲಾದರೂ ಮಾರಲೇಬೇಕಲ್ಲ.